ಕಲ್ಲಿನ ಬಳಿ ತಿರುಗುವ ಹೆಡ್‌ಮಾಸ್ಟರ್ ಕುದುರೆಯವರಿಗೆ

ಮಾನ್ಯರೇ,

ಲಾಯದಲ್ಲಿ ಕಿಟಕಿಯಿರುವ ಏಕೈಕ ಕೊಠಡಿಯಲ್ಲಿ ವಾಸವಾಗಿರುವವರೂ, ಹಣೆಯ ಮೇಲೆ ಸೀಮೆಸುಣ್ಣದ ಗೀಟಿನಂಥ ಬಿಳಿ ಗುರುತಿರುವುದರಿಂದ ಎಲ್ಲರ ಬಾಯಲ್ಲೂ ಹೆಡ್‌ಮಾಸ್ಟರ್ ಎನಿಸಿಕೊಂಡವರೂ ಆದ ಕಂದು ಕುದುರೆಯವರೇ, ಇದೇ ಲಾಯದಲ್ಲಿ ಹುಲ್ಲು ಹಾಕುವ, ಲದ್ದಿ ಬಾಚುವ, ನಿನ್ನೆಯವರೆಗೂ ಮಾರ್ಗದರ್ಶಿ ಎಂದು ಕರೆಸಿಕೊಂಡಿದ್ದ ಹುಡುಗಿಯ ಅನಂತ ನಮಸ್ಕಾರಗಳನ್ನು ಸ್ವೀಕರಿಸಬೇಕು. ತಮ್ಮ ನಾಲ್ಕೂ ಲಾಳಗಳು ಗಟ್ಟಿಯಾಗಿವೆಯೆಂದೂ, ಬಾಲಕ್ಕೆ ನೊಣಗಳ ಕಾಟ ಮೊದಲಿನಷ್ಟಿಲ್ಲವೆಂದೂ ನಂಬಿದ್ದೇನೆ.

ಬೇರೆ ಮಾತಿಗೆ ಮೊದಲು ಇಷ್ಟು ದಿನ ಮುಚ್ಚಿಟ್ಟಿದ್ದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ನನಗೆ ಕುದುರೆ ಸವಾರಿ ಬರುವುದಿಲ್ಲ. ಮುಚ್ಚಿಟ್ಟೆ ಎಂದರೆ ಸುಳ್ಳು ಹೇಳಿದೆ ಎಂದರ್ಥವಲ್ಲ. ‘ನಿನಗೆ ಸವಾರಿ ಬರುತ್ತಾ?’ ಎಂದು ಯಾರಾದರೂ ಬಾಯಿಬಿಟ್ಟು ಕೇಳಿದ್ದರೆ ಅಲ್ಲೇ ಇಲ್ಲ ಎನ್ನುತ್ತಿದ್ದೆ. ಆದರೆ ಆಗಲೇ ಕುದುರೆಯ ಮೇಲೆ ಕೂತಿರುವವಳನ್ನು ಹಾಗೆ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ತಮಗೊಬ್ಬರಿಗೆ ಮಾತ್ರ ಮೊದಲ ದಿನವೇ ತಿಳಿದಿತ್ತು. ನಾನು ಲಗಾಮನ್ನು ಬಲಕ್ಕೆ ಎಳೆದಾಗ ತಾವು ಎಡಕ್ಕೆ ಹೋದಿರಿ, ಅದೂ ಎಷ್ಟು ಗಾಂಭೀರ್ಯದಿಂದ ಎಂದರೆ, ಹಿಂದಿನ ಕುದುರೆಗಳ ಮೇಲಿದ್ದ ಪ್ರವಾಸಿಗರಿರಲಿ, ನನಗೇ ‘ಹೌದು, ಎಡಕ್ಕೇ ಅಲ್ಲವೇ ಹೋಗಬೇಕಾಗಿದ್ದದ್ದು’ ಎನ್ನಿಸಿತು. ಅಂದಿನಿಂದ ತಾವು ಹೋದ ಕಡೆಗೇ ನಾನು ಲಗಾಮು ಎಳೆಯುತ್ತ ಬಂದಿದ್ದೇನೆ. ನಮ್ಮಿಬ್ಬರ ನಡುವಿನ ಈ ಒಪ್ಪಂದವನ್ನು ತಾವು ಯಾರ ಮುಂದೆಯೂ ಬಾಯಿಬಿಡದೆ ಕಾಪಾಡಿದ್ದಕ್ಕೆ ಕೃತಜ್ಞಳಾಗಿದ್ದೇನೆ.

ಈ ಪತ್ರ ಬಹಿರಂಗ ಪತ್ರವಾಗಿರುವುದಕ್ಕೆ ತಮ್ಮ ಕ್ಷಮೆ ಕೋರುತ್ತೇನೆ. ಕಳೆದ ವಾರ ಇದೇ ವಿಷಯವಾಗಿ ತಮಗೆ ಖಾಸಗಿಯಾಗಿ ಬರೆದು ಕೈಯಾರೆ ತಲುಪಿಸಿದ್ದೆ. ತಾವು ಅದನ್ನು ಗಮನವಿಟ್ಟು ಮೂಸಿ, ಕೊನೆಯವರೆಗೂ ತಿಂದಿರಿ. ಆದ್ದರಿಂದ ಈ ಸಲ ಲಾಯದ ಬಾಗಿಲಿಗೆ, ತಮ್ಮ ಕತ್ತಿಗೆ ಎಟುಕದಷ್ಟು ಮೇಲೆ, ಬರುವವರೂ ಹೋಗುವವರೂ ಓದುವಂತೆ ಅಂಟಿಸುತ್ತಿದ್ದೇನೆ.

ಓದುವವರಲ್ಲಿ ಹೊಸಬರೂ ಇರಬಹುದಾದ್ದರಿಂದ ನಮ್ಮ ಸಂಸ್ಥೆಯ ವಿಷಯವನ್ನು ಸ್ವಲ್ಪ ಹೇಳಬೇಕು. ನಮ್ಮ ಅಪ್ಪನ ತಂಗಿ, ಅಂದರೆ ನನ್ನ ಸೋದರತ್ತೆ, ಮೇಲೆ ಮನೆ, ಕೆಳಗೆ ಆಫೀಸು, ಹಿತ್ತಲಲ್ಲಿ ಲಾಯ ಇಟ್ಟುಕೊಂಡು ‘ಕುದುರೆಯ ಮೇಲೆ ಲೋಕಸಂಚಾರ’ ಎಂಬ ಬೋರ್ಡು ಹಾಕಿದ್ದಾರೆ. ಆಫೀಸಿನ ನಾಲ್ಕೂ ಗೋಡೆಗಳ ಮೇಲೆ ಹೊರದೇಶಗಳ ಕುದುರೆ ಹಾದಿಗಳ ಚಿತ್ರಗಳಿವೆ. ಒಂದರಲ್ಲಿ ಮರಳಿನ ದಿಬ್ಬಗಳ ಮೇಲೆ ಸಾಲುಗಟ್ಟಿದ ಸವಾರರು, ಇನ್ನೊಂದರಲ್ಲಿ ಹಿಮದ ಬೆಟ್ಟ, ಮತ್ತೊಂದರಲ್ಲಿ ಅಲೆಗಳ ಅಂಚಿನಲ್ಲಿ ಓಡುತ್ತಿರುವ ಬಿಳಿ ಕುದುರೆ. ನೋಡಿದವರ ಬಾಯಲ್ಲಿ ನೀರೂರಬೇಕು, ಹಾಗಿವೆ. ಒಳಗೆ ಬಂದವರು ಈ ಚಿತ್ರಗಳಲ್ಲಿ ಯಾವುದು ಬೇಕೆಂದು ತೋರಿಸಿದರೆ ಅತ್ತೆ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ತಮ್ಮ ಹಿಂದೆ ಸಾಲುಗಟ್ಟುವ ಒಂದು ಕುದುರೆಯ ಮೇಲೆ ಹತ್ತಿಸುತ್ತಾರೆ. ಹಿತ್ತಲ ಗೇಟು ದಾಟಿದರೆ ಇಟ್ಟಿಗೆ ಭಟ್ಟಿಯವರು ಸುರಿದ ಮರಳಿನ ಗುಡ್ಡೆ, ಅದು ಮರಳುಗಾಡು. ಅದರಾಚೆ ಯಾರದೋ ವ್ಯಾಜ್ಯದಲ್ಲಿ ಬಿದ್ದ ಸೈಟಿನಲ್ಲಿ ಎದೆಮಟ್ಟ ಬೆಳೆದ ಹುಲ್ಲು, ಅದು ಮಹಾ ಹುಲ್ಲುಗಾವಲು. ಅಲ್ಲಿಂದ ಮುಂದೆ, ನಮ್ಮ ಊರು ಮುಗಿಯುವಲ್ಲಿ, ಅಕ್ಷರ ಅಳಿಸಿಹೋದ ಒಂದು ಮೈಲಿಗಲ್ಲು. ಅಲ್ಲಿ ತಿರುಗಿ ಇನ್ನೊಂದು ಓಣಿ ಹಿಡಿದರೆ ಐಸ್ ಫ್ಯಾಕ್ಟರಿಯ ಹಿಂಬದಿ, ಒಡೆದ ಗಡ್ಡೆಗಳನ್ನು ರಾಶಿ ಹಾಕುವ ಜಾಗ, ಅದು ಹಿಮದೇಶ. ಕೊನೆಗೆ ತುಂಬಿ ಹರಿಯುವ ನೀರಿನ ಟ್ಯಾಂಕಿನ ಕೆಳಗಿನ ಕೆಸರು, ಅದು ಕಡಲತೀರ. ಹಿಂದಿನ ಗೇಟಿನಿಂದ ಹೊರಟವರು ಮುಂದಿನ ಗೇಟಿನಿಂದ ಒಳಗೆ ಬರುವಷ್ಟರಲ್ಲಿ ಲೋಕ ಮುಗಿದಿರುತ್ತದೆ.

ಇದನ್ನು ಮೋಸವೆಂದು ನಾನು ಹೇಳಲಾರೆ. ಬರುವವರಿಗೆಲ್ಲ ಅದು ಮರಳಿನ ಗುಡ್ಡೆಯೆಂದು ಚೆನ್ನಾಗಿ ಗೊತ್ತು. ಭಟ್ಟಿಯ ಮಾಲೀಕರೇ ಸಂಸಾರ ಸಮೇತ ಬಂದು, ತಮ್ಮದೇ ಗುಡ್ಡೆಯ ಮುಂದೆ ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಫೋಟೋ ತೆಗೆಸಿಕೊಂಡಿದ್ದಾರೆ. ಒಮ್ಮೆ ನಾನು ತಕರಾರು ತೆಗೆದಾಗ ಅತ್ತೆ ನನ್ನನ್ನು ಕೂರಿಸಿಕೊಂಡು ತಿಳಿಹೇಳಿದರು. “ಲೇ ಹುಡುಗಿ, ‘ಮರಳುಗಾಡಿನ ಅನುಭವ’ ಅಂತ ಬರೆಸಿದ್ದೀನಿ, ಮರಳುಗಾಡು ಅಂತ ಎಲ್ಲಿ ಬರೆಸಿದ್ದೀನಿ? ಜನಕ್ಕೆ ಮರಳುಗಾಡು ಬೇಡ ಕಣೇ. ಬಿಸಿಲು, ಬಾಯಾರಿಕೆ, ಯಾರಿಗೆ ಬೇಕು ಹೇಳು? ಹೋಗಿ ಬಂದೆ ಅನ್ನೋದು ಬೇಕು ಅಷ್ಟೇ.”

ನನ್ನ ಕಷ್ಟವೇ ಬೇರೆ. ನಾನು ಶಾಲೆ ಬಿಟ್ಟಿದ್ದು ಇಂಥದ್ದೇ ಒಂದು ಮಾತಿಗೆ. ‘ರಜೆಯಲ್ಲಿ ನಾನು ನೋಡಿದ ಸ್ಥಳ’ ಎಂದು ಪ್ರಬಂಧ ಬರೆಯಲು ಹೇಳಿದಾಗ, ಆ ರಜೆಯಲ್ಲಿ ನಾನು ಎಲ್ಲಿಗೂ ಹೋಗಿರಲಿಲ್ಲವಾದ್ದರಿಂದ, ‘ನಾನು ಯಾವ ಸ್ಥಳವನ್ನೂ ನೋಡಲಿಲ್ಲ’ ಎಂದು ಒಂದೇ ಸಾಲು ಬರೆದುಕೊಟ್ಟೆ. ಹೆಡ್‌ಮಾಸ್ಟರರು ಎರಡು ಪುಟ ಬೇಕೆಂದರು. ನೋಡದಿರುವ ಸ್ಥಳವನ್ನು ಎರಡು ಪುಟದಷ್ಟು ನೋಡದಿರುವುದು ಹೇಗೆಂದು ಕೇಳಿದೆ. “ಎಲ್ಲರೂ ಸಮುದ್ರ ನೋಡಿದೆ ಅಂತ ಬರೆದಿಲ್ವೇನೇ? ನೋಡಿದ ಹಾಗೆ ಬರಿ, ಕೈ ಸವೆದುಹೋಗುತ್ತಾ?” ಎಂದರು. ಕೈಯೇನೂ ಸವೆಯುತ್ತಿರಲಿಲ್ಲ. ಆದರೂ ಯಾಕೋ ಬರೆಯಲಾಗಲಿಲ್ಲ, ಬರೆಯುವವರೆಗೆ ಒಳಗೆ ಬರಬೇಡ ಎಂದರು, ನಾನು ಹೋಗಲಿಲ್ಲ. ಅಪ್ಪ ಒಂದಷ್ಟು ದಿನ ತಲೆ ಚಚ್ಚಿಕೊಂಡು, ಕಡೆಗೆ ನನ್ನನ್ನು ಅತ್ತೆಯ ಬಳಿ ತಂದು ಬಿಟ್ಟರು. ನೋಡಿದ ಹಾಗೆ ಬರೆಯಲಾರೆ ಎಂದವಳು ಇಡೀ ಲೋಕವನ್ನು ನೋಡಿದ ಹಾಗೆ ತೋರಿಸುವ ಕೆಲಸಕ್ಕೆ ಬಂದು, ಒಬ್ಬ ಹೆಡ್‌ಮಾಸ್ಟರರಿಂದ ತಪ್ಪಿಸಿಕೊಂಡು ಇನ್ನೊಬ್ಬರ ಬೆನ್ನೇರಿದ್ದು ಹೀಗೆ.

ಇನ್ನು ತಮ್ಮ ಪ್ರತಿಭೆಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ನಾಲಿಗೆಗೆ ದ್ರೋಹ ಬಗೆದ ಹಾಗೆ. ಮರಳುಗಾಡಿನಲ್ಲಿ ನಿಂತಾಗ ತಾವು ಕಣ್ಣನ್ನು ಅರ್ಧ ಮುಚ್ಚಿ, ಕೆಳದುಟಿಯನ್ನು ಜೋಲಿಸಿ, ವಾರಗಟ್ಟಲೆ ನೀರು ಕಾಣದವರಂತೆ ದಿಗಂತವನ್ನು, ಅಂದರೆ ಭಟ್ಟಿಯ ಚಿಮಣಿಯನ್ನು, ನೋಡುವ ರೀತಿಗೆ ನಾನು ತಲೆಬಾಗಿದ್ದೇನೆ. ಅಂದಿನ ಬೆಳಿಗ್ಗೆ ತಾವು ಎರಡು ಬಕೆಟ್ ನೀರು ಕುಡಿದಿದ್ದನ್ನು ಬಲ್ಲವಳು ನಾನೊಬ್ಬಳೇ. ಹಿಮದೇಶದಲ್ಲಿ ತಾವು ಭುಜದ ಚರ್ಮವನ್ನಷ್ಟೇ ನಡುಗಿಸುತ್ತೀರಿ, ಉಳಿದ ಮೈಯನ್ನು ನಡುಗಿಸುವುದಿಲ್ಲ, ಏಕೆಂದರೆ ಅತಿಯಾದ ಅಭಿನಯ ತಮಗೆ ಹಿಡಿಸದು. ಆದರೆ ಫೋಟೋ ತೆಗೆದ ಟಕ್ ಎಂಬ ಸದ್ದು ಕಿವಿಗೆ ಬೀಳುವವರೆಗೆ ಯಾವ ದೇಶದಿಂದಲೂ ಒಂದು ಹೆಜ್ಜೆ ಕದಲುವುದಿಲ್ಲ ಎಂಬ ತಮ್ಮ ನಿಯಮ ಮಾತ್ರ ನನಗೆ ಬಹಳ ಕಷ್ಟ ಕೊಟ್ಟಿದೆ. ಮೊದಲು ಕ್ಯಾಮೆರಾ ತರುತ್ತಿದ್ದರು, ಸದ್ದು ಬರುತ್ತಿತ್ತು, ತಾವು ಹೊರಡುತ್ತಿದ್ದಿರಿ. ಈಗಿನವರ ಮೊಬೈಲುಗಳು ಸದ್ದಿಲ್ಲದೆ ಫೋಟೋ ತೆಗೆಯುತ್ತವೆ. ಒಂದು ಸಲ ಇಡೀ ಬ್ಯಾಂಕಿನ ಸಿಬ್ಬಂದಿ ಹಿಮದೇಶದಲ್ಲಿ ಐಸಿನ ನೀರು ತೊಟ್ಟಿಕ್ಕುತ್ತಿದ್ದ ತಗಡಿನ ಕೆಳಗೆ ಸಿಕ್ಕಿಬಿದ್ದು, ಮ್ಯಾನೇಜರರು ನಿಜಕ್ಕೂ ನಡುಗತೊಡಗಿದ ಮೇಲೆ, ನಾನು ಅಂಗುಳಿಗೆ ನಾಲಿಗೆ ಬಡಿದು ಟಕ್ ಎನ್ನಿಸಲು ಕಲಿತೆ. ಹೀಗೆ ನನ್ನ ಮಾರ್ಗದರ್ಶನವೆಂಬುದು ಒಟ್ಟು ನಾಲ್ಕು ಸಲ ನಾಲಿಗೆ ಬಡಿಯುವುದಕ್ಕೆ ಬಂದು ನಿಂತಿತು.

ಮಾತಾಡುವ ಕೆಲಸ ನನ್ನದಲ್ಲವೆಂದು ಅತ್ತೆ ಮೊದಲೇ ಹೇಳಿದ್ದರು. ಆದರೆ ಪ್ರವಾಸಿಗರು ಸುಮ್ಮನಿರುತ್ತಾರೆಯೇ? ಜೀನಿನ ಮೇಲೆ ಕೂತ ಕೂಡಲೇ “ನೀವು ನಿಜವಾದ ಮರಳುಗಾಡಿಗೆ ಹೋಗಿದ್ದೀರಾ?” ಎನ್ನುತ್ತಾರೆ. ನಾನು “ಇಲ್ಲ” ಎನ್ನುತ್ತೇನೆ. “ಹಿಮ?” “ಇಲ್ಲ.” “ಸಮುದ್ರ?” “ಟ್ಯಾಂಕು ನೋಡಿದ್ದೀನಿ.” ಇದರಿಂದ ಅವರ ಮುಖ ಜೋಲುಬೀಳುತ್ತದೆ, ಲೋಕ ಚಿಕ್ಕದಾಗಿಬಿಡುತ್ತದೆ. ಎರಡು ವಾರದ ಹಿಂದೆ ಅತ್ತೆ ಕರೆದು ಕಡ್ಡಿ ಮುರಿದಂತೆ ಹೇಳಿಬಿಟ್ಟರು: “ನೋಡು, ಹೊಸ ಬೋರ್ಡು ಬರೆಸ್ತಿದ್ದೀನಿ. ಮುಖ್ಯ ಮಾರ್ಗದರ್ಶಿ ಅಂತ ನಿನ್ನನ್ನೇ ಹಾಕಿಸ್ತೀನಿ, ನನಗೂ ನಿನ್ನ ಬಿಟ್ರೆ ಯಾರಿದ್ದಾರೆ? ಆದರೆ ಇನ್ಮೇಲೆ ಯಾರು ಕೇಳಿದ್ರೂ ‘ಹೋಗಿದ್ದೀನಿ’ ಅನ್ನು. ಒಂದು ಮಾತು. ಆಗಲ್ವಾ, ಲದ್ದಿ ಬಾಚ್ಕೊಂಡು ಲಾಯದಲ್ಲೇ ಇದ್ದುಬಿಡು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತೊಂದರೆಯಾದದ್ದು. ಕನ್ನಡಿಯ ಮುಂದೆ ನಿಂತು ‘ಹೋಗಿದ್ದೀನಿ’ ಎಂದು ಅಭ್ಯಾಸ ಮಾಡಿದೆ. ‘ಹೋ’ ವರೆಗೆ ಬರುತ್ತಿತ್ತು.

ಆ ವಾರವೇ ಒಬ್ಬ ಅಜ್ಜಿ ಬಂದರು. ಅವರ ಕಟ್ಟಿಸಿಕೊಂಡ ಹಲ್ಲು ಅವರಿಗಿಂತ ಒಂದಳತೆ ದೊಡ್ಡದಿದ್ದು, ಮಾತಾಡುವಾಗ ಒಳಗೇ ಕುಣಿಯುತ್ತಿತ್ತು. ಜೀವಮಾನದಲ್ಲೇ ಮೊದಲ ಸಲ ಕುದುರೆ ಹತ್ತಿದ್ದರೂ ಅವರು ಮರಳುಗಾಡನ್ನು ಕಣ್ಣೆತ್ತಿ ನೋಡಲಿಲ್ಲ, ಹುಲ್ಲುಗಾವಲಿನಲ್ಲಿ ಒಂದು ಸೀನು ಸೀನಿದರು ಅಷ್ಟೇ. ಮೈಲಿಗಲ್ಲಿನ ಬಳಿ ತಾವು ಎಂದಿನಂತೆ ತಿರುಗುತ್ತಿದ್ದಾಗ, ಆಚೆಗೆ ಹೋಗುವ ದಾರಿಯ ಕಡೆ ಕೈ ತೋರಿಸಿ, “ಆ ಕಡೆ ಏನಿದೆ ಮಗಾ?” ಎಂದರು. ನಾನು “ಗೊತ್ತಿಲ್ಲ ಅಜ್ಜಿ” ಎಂದೆ. “ಅಯ್ಯೋ ನಿನ್ನ! ಲೋಕವೆಲ್ಲಾ ತೋರಿಸ್ತೀಯಾ, ಈ ಕಲ್ಲಿನಾಚೆ ಏನಿದೆ ಗೊತ್ತಿಲ್ವಾ?” ಎಂದು ಅವರು ನಕ್ಕಾಗ ಹಲ್ಲು ಜಾರಿ ಕೈಗೆ ಬಂತು. ನಗು ಅವರದ್ದೇ, ಹಲ್ಲೂ ಅವರದ್ದೇ, ಆದರೆ ಕಚ್ಚಿದ್ದು ನನ್ನನ್ನು.

ಇಲ್ಲಿಂದ ನನ್ನ ದೂರು ಆರಂಭವಾಗುತ್ತದೆ. ಮಾನ್ಯರೇ, ತಾವು ಆ ಕಲ್ಲಿನಿಂದ ಮುಂದೆ ಒಂದು ಗೊರಸನ್ನೂ ಇಡಲಿಲ್ಲ. ನಾನು ಲಗಾಮು ಜಗ್ಗಿದೆ, ಹುರುಳಿ ತೋರಿಸಿದೆ, ಕಣ್ಣಿಗೆ ಬಟ್ಟೆ ಕಟ್ಟಿದೆ. ತಾವು ಕಣ್ಣು ಕಟ್ಟಿಸಿಕೊಂಡೇ ಅದೇ ಜಾಗದಲ್ಲಿ ತಿರುಗಿ, ತಿರುಗುವಾಗ ನನ್ನ ಮೊಣಕಾಲನ್ನು ಕಲ್ಲಿಗೆ ತಾಗಿಸುವುದನ್ನೂ ಮರೆಯಲಿಲ್ಲ. ತಾವು ಹೇಗಿದ್ದರೂ ಅಲ್ಲಿ ತಿರುಗುವವರಾದ್ದರಿಂದ, ತಮ್ಮನ್ನು ಹಿಂದು ಹಿಂದಕ್ಕೆ ನಡೆಸಿಕೊಂಡು ಹೋದರೆ ತಿರುಗಿದಾಗ ಮುಖ ಆಚೆ ಕಡೆಗಾಗುತ್ತದೆಂದು ಲೆಕ್ಕ ಹಾಕಿದೆ. ಶಾಲೆ ಬಿಟ್ಟವಳ ಲೆಕ್ಕ. ತಾವು ಬಹಳ ತಾಳ್ಮೆಯಿಂದ ಹಿಂದಕ್ಕೆ ನಡೆದು, ಕಲ್ಲಿನ ಬಳಿ ಎರಡೂ ಕಡೆ ನೋಡಿ, ಹಿಂದಕ್ಕೆ ನಡೆಯುತ್ತಲೇ ಐಸ್ ಫ್ಯಾಕ್ಟರಿಯ ಓಣಿಯನ್ನು ಪ್ರವೇಶಿಸಿದಿರಿ. ಅಂದು ಬಂದಿದ್ದವರು ಹಿಮದೇಶವನ್ನು ಬೆನ್ನಿನಿಂದ ನೋಡಿ, ಇದು ಹೊಸ ಆಕರ್ಷಣೆಯೆಂದು ಚಪ್ಪಾಳೆ ತಟ್ಟಿದರು. ಕೊನೆಗೆ ನಾನು ಆ ಕಲ್ಲನ್ನೇ ಅಗೆದು, ಲದ್ದಿಯ ತಳ್ಳುಗಾಡಿಯಲ್ಲಿ ಹಾಕಿಕೊಂಡು, ಕತ್ತಲಲ್ಲೇ ನಾಲ್ಕು ಮಾರು ಮುಂದೆ ನೆಟ್ಟು ಬಂದೆ. ತಾವು ಮರುದಿನ ಕಲ್ಲಿಲ್ಲದ ಹಳೆಯ ಗುಂಡಿಯ ಬಳಿಯೇ ತಿರುಗಿದಿರಿ. ಇದರಿಂದಾದ ಪ್ರಯೋಜನವೆಂದರೆ ನಮ್ಮ ಊರು ಅಷ್ಟು ಉದ್ದವಾದದ್ದು. ರಸ್ತೆ ಕೆಲಸದವರು ಬಂದು, ಕಲ್ಲಿಗೆ ಕಾಲು ಬಂದಿದೆಯೆಂದು ಬೈದುಕೊಂಡು, ವಾಪಸ್ ನೆಟ್ಟುಹೋದರು. ಕಲ್ಲೇ ಮುಂದೆ ಹೋಗಿ ಬಂತು. ತಾವು ಹೋಗಲಿಲ್ಲ.

ನಿನ್ನೆಯ ಸಂಗತಿ ತಮಗೆ ಗೊತ್ತೇ ಇದೆ, ಅರ್ಧದಷ್ಟು. ತಮ್ಮ ಹಿಂದಿನ ಕುದುರೆಯ ಮೇಲೆ ಹೊಸದಾಗಿ ಮದುವೆಯಾದ ಗಂಡ, ಅದರ ಹಿಂದೆ ಹೆಂಡತಿ, ಕೊನೆಗೆ ಅದೇ ಅಜ್ಜಿ. ಕಲ್ಲಿನ ಬಳಿ ಬಂದಾಗ ಅಜ್ಜಿ ಹಿಂದಿನಿಂದಲೇ ಕೂಗಿದರು: “ಏನು ಮಗಾ, ಈಗಲಾದರೂ ಗೊತ್ತಾಯ್ತಾ?” ನಾನು ತಮ್ಮ ಬೆನ್ನಿನಿಂದ ಇಳಿದೆ. ಇಳಿಯಲೂ ಸರಿಯಾಗಿ ಬಾರದ್ದರಿಂದ ಒಂದು ಕಾಲು ಪಾದವಿಡುವ ರಿಕಾಪಿನಲ್ಲಿ ಸಿಕ್ಕಿ, ಇನ್ನೊಂದರ ಮೇಲೆ ಸ್ವಲ್ಪ ದೂರ ಕುಂಟಿದೆ. “ಗೊತ್ತಿಲ್ಲ ಅಜ್ಜಿ, ನೋಡ್ಕೊಂಡು ಬರ್ತೀನಿ” ಎಂದೆ. ತಾವು ಒಂದು ಕ್ಷಣ ನಿಂತು ಕಾಯುತ್ತೀರೆಂದು ನಿರೀಕ್ಷಿಸಿದ್ದು ನನ್ನ ತಪ್ಪು. ತಾವು ತಿರುಗಿದಿರಿ, ನಾನು ನಡೆದೆ.

ಆಚೆ ಏನಿತ್ತೆಂದು ತಮಗೆ ಹೇಳುವುದು ನನ್ನ ಕರ್ತವ್ಯ. ಮೊದಲು ಒಂದು ಪಂಕ್ಚರ್ ಅಂಗಡಿ ಇತ್ತು. ಆಮೇಲೆ ನೀರಿಲ್ಲದ ಒಂದು ಮೋರಿ, ಅದರ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ ಒಬ್ಬ ಪೋಸ್ಟ್‌ಮ್ಯಾನ್. ದಾರಿ ಏರಿ ತಿರುಗಿದ ಮೇಲೆ ಒಂದು ಬಯಲು. ಅಲ್ಲಿ ಆರೇಳು ಗಿಡ್ಡ ಕುದುರೆಗಳು, ಅವುಗಳ ಬೆನ್ನಿಗೆ ಡೇರೆಯ ಬಟ್ಟೆ, ಗೂಟ, ಪಾತ್ರೆಗಳ ಮೂಟೆ ಕಟ್ಟುತ್ತಿದ್ದ ಒಬ್ಬ ದಪ್ಪ ಹೆಂಗಸು. ಗುಡ್ಡಗಳ ಮೇಲೆ ದಿನಗಟ್ಟಲೆ ಸವಾರಿ ಹೋಗುವವರ ಸಾಮಾನನ್ನು ಅವರಿಗಿಂತ ಮೊದಲೇ ಮುಂದಿನ ತಂಗುದಾಣಕ್ಕೆ ಸಾಗಿಸುವುದು ಆಕೆಯ ಕೆಲಸವಂತೆ. ಆಫೀಸಿನ ಗೋಡೆಯ ಚಿತ್ರಗಳಲ್ಲಿ ಸವಾರರನ್ನು ಕಂಡಿದ್ದೇನೆಯೇ ಹೊರತು ಅವರ ಪಾತ್ರೆ ಹೊರುವವರನ್ನು ಕಂಡಿರಲಿಲ್ಲ. ನಾನು ಸುಮ್ಮನೆ ನಿಂತದ್ದು ನೋಡಿ ಆಕೆ ಹಗ್ಗದ ಒಂದು ತುದಿ ನನ್ನ ಕೈಗೆ ಕೊಟ್ಟು “ಹಿಡ್ಕೋ” ಎಂದರು. ಹಿಡಿದುಕೊಂಡೆ. ಗಂಟು ಬಿಗಿದಾದ ಮೇಲೆ, ಬೆವರು ಒರೆಸಿಕೊಳ್ಳುತ್ತಾ, ಲೋಕದಲ್ಲಿ ಇದುವರೆಗೆ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು:

“ನಿನಗೆ ಸವಾರಿ ಬರುತ್ತೇನಮ್ಮಾ?”

ನಾನು “ಬರಲ್ಲ” ಎಂದೆ. ಎದೆಯ ಮೇಲಿಂದ ಒಂದು ಕುದುರೆ ಇಳಿದ ಹಾಗಾಯಿತು.

“ಸದ್ಯ!” ಎಂದರು ಆಕೆ. “ಸವಾರಿ ಬರೋರು ಬಂದ್ರೆ ಮೊದಲು ಹತ್ತಿ ಕೂತ್ಕೊಳ್ತಾರೆ. ಇಲ್ಲಿ ಕುದುರೆ ಮೇಲೆ ಪಾತ್ರೆ ಕೂತ್ಕೊಳ್ಳುತ್ತೆ, ನಾವು ನಡೀತೀವಿ. ನಡಿಯೋಕೆ ಬರುತ್ತಾ?” ಎಲ್ಲಿಯವರೆಗೆ ನಡೆಯಬೇಕೆಂದು ಕೇಳಿದ್ದಕ್ಕೆ ಗುಡ್ಡ ಮುಗಿಯುವವರೆಗೆ ಎಂದರು. ಗುಡ್ಡ ಮುಗಿದ ಮೇಲೆ ಏನೆಂದು ಕೇಳಿದೆ. “ಇನ್ನೊಂದು ಗುಡ್ಡ, ಇನ್ನೇನು” ಎಂದು, ಇಂಥ ಪ್ರಶ್ನೆಯನ್ನೂ ಕೇಳುತ್ತಾರೆಯೇ ಎಂಬಂತೆ ನನ್ನನ್ನು ನೋಡಿದರು. “ಈ ಮೂಟೆ ಮೇಲೆ ಇಳಿಸಿ ನಾಳೆ ವಾಪಸ್ ಬರ್ತೀವಿ, ನಾಡಿದ್ದು ಬೆಳಿಗ್ಗೆ ಮತ್ತೆ ಹೊರಡ್ತೀವಿ, ಬರೋದಾದ್ರೆ ಬಾ” ಎಂದರು.

ನಾನು ಓಡೋಡಿ ಬಂದೆ. ದಾರಿ ತುಂಬಾ ಹೆದರಿಕೆ: ಮೂವರು ಪ್ರವಾಸಿಗರನ್ನು ನಡುದಾರಿಯಲ್ಲಿ ಬಿಟ್ಟುಬಂದಿದ್ದೇನೆ, ಅತ್ತೆಗೆ ಏನು ಹೇಳಲಿ, ಅಜ್ಜಿ ಬಿದ್ದಿದ್ದರೆ ಏನು ಗತಿ ಎಂದು. ಗೇಟಿಗೆ ಬಂದಾಗ ತಾವು ನೀರು ಕುಡಿಯುತ್ತಿದ್ದಿರಿ. ಹಿಮದೇಶ, ಕಡಲತೀರ ಎರಡನ್ನೂ ಸಾಂಗವಾಗಿ ತೋರಿಸಿ, ಮೂವರನ್ನೂ ಕೂದಲು ಕೊಂಕದಂತೆ ತಂದು ಇಳಿಸಿದ್ದಿರಿ. ನನ್ನ ನಾಲಿಗೆಯಿಲ್ಲದೆ ತಾವು ಹಿಮದೇಶದಿಂದ ಕದಲಿದ್ದು ಹೇಗೆಂಬುದೇ ನನಗೆ ಬಗೆಹರಿಯದಿತ್ತು; ಆಮೇಲೆ ತಿಳಿಯಿತು, ಚಳಿಗೆ ಅಜ್ಜಿಯ ಹಲ್ಲು ಟಕ್ ಎಂದಿತಂತೆ. ಕಡಲತೀರದಲ್ಲಿ ಅಜ್ಜಿ ಬಾಯಿ ಮುಚ್ಚಿಕೊಂಡೇ ಇದ್ದರಂತೆ. ಅಲ್ಲಿ ನವದಂಪತಿಗಳ ಕಡೆಯಿಂದ ಅಂಥದ್ದೇ ಯಾವುದೋ ಸದ್ದು ಬಂದಿರಬೇಕು, ನಾನು ವಿಚಾರಿಸಲಿಲ್ಲ. ಆ ಗಂಡ ಅತ್ತೆಗೆ ಕೈಮುಗಿದು, “ಗೈಡ್ ಅಂದ್ರೆ ಹೀಗಿರಬೇಕು ಮೇಡಂ. ಒಂದು ಮಾತು ಜಾಸ್ತಿ ಇಲ್ಲ, ಒಂದು ಸುಳ್ಳಿಲ್ಲ” ಎಂದು ಹೇಳಿ ಹೋದರಂತೆ. ನನ್ನ ಮೇಲೆ ಬೀಳಬೇಕಾಗಿದ್ದ ಒಂದು ಒಳ್ಳೆಯ ಮಾತು, ನಾನಿಲ್ಲದ ಹೊತ್ತಿನಲ್ಲಿ, ತಮ್ಮ ಮೇಲೆ ಬಂದು ಬಿತ್ತು.

ಅತ್ತೆ ಬೈಯಲಿಲ್ಲ. ಬೋರ್ಡು ಬರೆಯುವವನನ್ನು ಕರೆಸಿ, ಒಣಗಿರದ ಬಣ್ಣದ ಮೇಲೆಯೇ ‘ಮುಖ್ಯ ಮಾರ್ಗದರ್ಶಿ: ಹೆಡ್‌ಮಾಸ್ಟರ್’ ಎಂದು ಬರೆಸಿದರು. “ಇವರು ಮರಳುಗಾಡಿಗೆ ಹೋಗಿದ್ದಾರಾ ಅಂತ ಯಾರೂ ಕೇಳಲ್ಲ ನೋಡು” ಎಂದು ನನಗೆ ಹೇಳಿ, “ಊಟ ಮಾಡಿದ್ಯೇನೇ?” ಎಂದರು. ಇಷ್ಟು ಸುಲಭದ ಪ್ರಶ್ನೆಗೆ ನಾನು ಹೌದೆಂದು ತಲೆಯಾಡಿಸಿದೆ. ಮಾಡಿರಲಿಲ್ಲ. ಇದನ್ನು ಅವರೂ ಓದಲಿ.

ಆದ್ದರಿಂದ ತಮಗೆ ಹುದ್ದೆ ದೊರೆತಿದ್ದಕ್ಕಾಗಿ ಅಭಿನಂದಿಸುತ್ತಾ, ಕೆಲವು ಬೇಡಿಕೆಗಳನ್ನು ವಿನಯಪೂರ್ವಕ ಮುಂದಿಡುತ್ತಿದ್ದೇನೆ. ತಾವು ಒಂದು ಸಲ, ಒಂದೇ ಸಲ, ಕಲ್ಲಿನ ಬಳಿ ತಿರುಗುವ ಮೊದಲು ಕತ್ತನ್ನಾದರೂ ಆಚೆಗೆ ಹೊರಳಿಸಬೇಕು. ಪಂಕ್ಚರ್ ಅಂಗಡಿಗೆ ಹೋಗುವ ದಾರಿಯಾದರೂ ಅಲ್ಲಿಂದ ಕಾಣುತ್ತದೆ. ಪ್ರವಾಸಿಗರು ಪ್ರಶ್ನೆ ಕೇಳಿದರೆ ಗೊತ್ತಿದ್ದಷ್ಟನ್ನೇ ಹೇಳಬೇಕು. ಅತ್ತೆ ಒಬ್ಬರೇ ಇರುವಾಗ ಆಫೀಸಿನ ಕಿಟಕಿಯಲ್ಲಿ ತಲೆ ತೂರಿಸಿ ಊಟವಾಯಿತೇ ಎಂದು ವಿಚಾರಿಸಬೇಕು. ನನ್ನ ಹಳೆಯ ಶಾಲೆಗೆ ಹೋಗಿ, ತಮ್ಮ ಹೆಸರಿನ ಇನ್ನೊಬ್ಬರನ್ನು ಕಂಡು, ನನ್ನ ಪ್ರಬಂಧ ತಡವಾದರೂ ಬರುತ್ತಿದೆಯೆಂದು ತಿಳಿಸಬೇಕು. ಮೊದಲ ಸಾಲು ಸಿದ್ಧವಾಗಿದೆ: ಕಲ್ಲಿನಾಚೆ ಒಂದು ಪಂಕ್ಚರ್ ಅಂಗಡಿ ಇದೆ. ಎರಡು ಪುಟ ಆಗುವುದೋ ಇಲ್ಲವೋ ಗುಡ್ಡಗಳ ಮೇಲೆ ನಿಂತಿದೆ. ಈ ಎಲ್ಲಕ್ಕೂ ತಮ್ಮ ಒಪ್ಪಿಗೆಯನ್ನು ಗೊರಸಿನ ಗುರುತಿನೊಂದಿಗೆ ಲಿಖಿತವಾಗಿ ಕೊಡಬೇಕು.

ಇಷ್ಟು ದಿನ ನನ್ನನ್ನು ಹೊತ್ತು ತಿರುಗಿಸಿದ, ತಿರುಗಿಸಿಯೇ ತಿರುಗಿಸಿದ ತಮ್ಮ ಬೆನ್ನಿಗೆ ಮತ್ತೊಮ್ಮೆ ನಮಸ್ಕರಿಸುತ್ತಾ, ನೆಲದ ಮೇಲೆ ನಿಂತು ಸಹಿ ಮಾಡುತ್ತಿರುವ,

ತಮ್ಮ ವಿಶ್ವಾಸಿ,
ಸವಾರಿ ಬಾರದ ಮಾಜಿ ಮಾರ್ಗದರ್ಶಿ

ತಾ.ಕ.: ನಾಲಿಗೆ ಬಡಿದು ಟಕ್ ಎನ್ನಿಸುವುದನ್ನು ಅತ್ತೆಗೆ ಕಲಿಸಲು ಬೆಳಿಗ್ಗೆಯಿಂದ ಪ್ರಯತ್ನಿಸಿದೆ, ಅವರ ಬಾಯಿಂದ ಬರುವುದು ಕೋಳಿಯನ್ನು ಕರೆಯುವ ಸದ್ದು. ಅಜ್ಜಿ ದಿನಾ ಬರುವುದಿಲ್ಲ, ಬಂದವರೆಲ್ಲ ಹೊಸದಾಗಿ ಮದುವೆಯಾದವರೂ ಆಗಿರುವುದಿಲ್ಲ. ಹೀಗಾಗಿ ಮುಖ್ಯ ಮಾರ್ಗದರ್ಶಿಗಳು ಹಿಮದೇಶದಲ್ಲಿ ಬಹಳ ಹೊತ್ತು ನಿಲ್ಲಬೇಕಾಗಿ ಬರಬಹುದು. ಭುಜ ಮಾತ್ರವಲ್ಲ, ಇಡೀ ಮೈ ನಡುಗುವ ಅನುಭವ ತಮಗೂ ಆಗಲಿ ಎಂದು ಹಾರೈಸುತ್ತೇನೆ. ಹುರುಳಿ ನೆನೆಹಾಕಿದ್ದೇನೆ, ಬಕೆಟ್ ತುಂಬಿಸಿದ್ದೇನೆ. ಗಿಡ್ಡ ಕುದುರೆಗಳು ಕಲ್ಲಿನಾಚೆ ನಿಂತಿರುತ್ತವೆ. ನಾನು ನಾಳೆ ಬೆಳಿಗ್ಗೆ ಹೊರಡುತ್ತೇನೆ.